ಕಳೆಯುವ ವಿದ್ಯೆ



ಎರಡು ಸಾವಿರ ವರ್ಷಗಳಿಗೂ ಹಿಂದೆ ಚೀನಾ ದೇಶದಲ್ಲಿ ರಚಿತವಾಗಿ, ಅಲ್ಲಿಯ ಕಾವ್ಯ ಚಿತ್ರಕಲೆಗಳನ್ನು ರೂಪಿಸಿ, ತರುವಾಯ ಬೌದ್ಧರ ಧ್ಯಾನಪಂಥಕ್ಕೂ ತಮ್ಮ ಸತ್ತ್ವವನ್ನು ಎರೆದ ತಾವೋ ಪಂಥದ ಗ್ರಂಥಗಳನ್ನು ಕುರಿತು ಇಂದು ಪದವಿ ಪಡೆದ ನಿಮ್ಮೊಡನೆ ಎರಡು ಮಾತುಗಳನ್ನಾಡಬೇಕೆಂಬುದು ನನ್ನ ಅಪೇಕ್ಷೆ. ಲಾವೋತ್ಸೆಯ ಹೆಸರಿನಲ್ಲಿ ನಿಂತಿರುವ ಮೂಲಗ್ರಂಥವು 81 ಅಧ್ಯಾಯಗಳ, ಸುಮಾರು 5000 ಅಕ್ಷರಗಳ ಕಿರುಹೊತ್ತಗೆ. ಇದನ್ನು ಸಂಸ್ಕೃತಕ್ಕೆ ತರಬೇಕೆಂದು 647ರಲ್ಲಿ ಚೀನಾದ ಚಕ್ರವರ್ತಿಯ ಆಜ್ಞೆಯಾದುದು, ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು ಅದರ ಪರಾಕ್ರಮವನ್ನು ಬರೆದಿಟ್ಟ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗನಿಗೇ. ಆ ಸಂಸ್ಕೃತ ಪಾಠವು ಉಳಿಯಲಿಲ್ಲ. ಕನ್ನಡಿಗರಿಗಾದರೋ ಯು. ಆರ್. ಅನಂತಮೂರ್ತಿಯವರು ಮೂಲಗ್ರಂಥವನ್ನು 'ದಾವ್ ದ ಜಿಂಗ್' ಎಂದು ತಂದುಕೊಟ್ಟಿದ್ದಾರೆ.

ಪಾಂಡಿತ್ಯವು ದಿನೇ ದಿನೇ ಕೂಡಿಸುತ್ತ ಹೋಗುವುದಾದರೆ ವಿವೇಕವು ಕಳೆಯುತ್ತ ಹೋಗುವುದು ಎಂಬುದು ಲಾವೋತ್ಸೆಯ ಅಭಿಪ್ರಾಯ. ಕೂಡಿಸುವ ಕಾರ್ಯವನ್ನು ನೀವು ಚೆನ್ನಾಗಿಯೇ ಮಾಡಿದ್ದೀರಿ. ಕಳೆಯುವುದೆಂದರೇನೆಂಬುದನ್ನು ತಿಳಿಯಲು ನಾವು ಅದೇ ಪಂಥದ ಮತ್ತೊಬ್ಬ ದಾರ್ಶನಿಕನಾದ ಚುವಾಂಗ್‌ತ್ಸೆಯ ಬಳಿಗೆ ಹೋಗಬೇಕು. ಅವನ ಗ್ರಂಥದಲ್ಲಿ ಅರಸರು ಪ್ರಶ್ನೆ ಕೇಳುತ್ತಾರೆ. ಉತ್ತರ ಕೊಡುವವರು ಬಾಣಸಿಗರು, ಬಡಗಿಗಳು. ಎಪ್ಪತ್ತು ವರ್ಷದ ರಥಚಕ್ರದ ಬಡಗಿಯೊಬ್ಬನು ಗ್ರಂಥಪಠನದಲ್ಲಿ ಮಗ್ನನಾದ ದೊರೆಯ ಎದುರು ಉಳಿಯನ್ನು ಕೆಳಗಿಟ್ಟು, ಗತಿಸಿದವರ ಪುಸ್ತಕಗಳು ಬರಿಯ ಗಸಿಯಲ್ಲದೆ ಮತ್ತೇನೆಂದು ಕೇಳುತ್ತಾನೆ; ಕೈಗೆ ಗೊತ್ತಿರುವ ಹದವನ್ನು ಹೆತ್ತ ಮಗನಿಗೂ ಮಾತಿನಲ್ಲಿ ಒಪ್ಪಿಸಲಾರದೆಯೇ ಈ ವಯಸ್ಸಿನಲ್ಲೂ ತಾನು ದುಡಿಯುತ್ತಿರುವೆನೆನ್ನುತ್ತಾನೆ. ಗ್ರಂಥಗಳನ್ನೋದಿಯೇ ಪದವಿ ಪಡೆದ ನಮಗೆ ಈ ಮಾತು ಕಠಿನವೆನಿಸಬಹುದು. ಆದರೆ ಅದನ್ನು ಒಂದು ಗ್ರಂಥವೇ ಕಾಪಾಡಿ ನಮ್ಮವರೆಗೆ ತಲುಪಿಸಿದೆಯಲ್ಲವೇ? ಓದನ್ನು ಬಿಡಿರೆಂದಲ್ಲ, ಓದಿನಲ್ಲಿಯೇ ನಿಲ್ಲಬೇಡಿರೆಂದು ನಾನು ಅದನ್ನು ಅರ್ಥಮಾಡಿಕೊಂಡಿದ್ದೇನೆ.

ಕಾರ್ಕಳದ ಸೀಮೆಯಲ್ಲಿ ಬೆಳೆದ ನಿಮಗೆ ಇದು ಪರದೇಶದ ತತ್ತ್ವವಾಗಬೇಕಿಲ್ಲ. 1432ರಲ್ಲಿ ವೀರಪಾಂಡ್ಯನು ಪ್ರತಿಷ್ಠಾಪಿಸಿದ 42 ಅಡಿಯ ಗೊಮ್ಮಟನನ್ನು ಕಡೆದ ಕೈಗಳು ಯಾವ ಸೂತ್ರವನ್ನೋದಿ ಆ ಶಿಲೆಗೆ ಅಂತಹ ಶಾಂತಿಯನ್ನು ತಂದವು? ನಮ್ಮ ಕಾಲದಲ್ಲಿಯೇ ರೆಂಜಾಳ ಗೋಪಾಲ ಶೆಣೈಯವರು ತಮ್ಮ ಇಳಿವಯಸ್ಸಿನಲ್ಲಿ, ಧರ್ಮಸ್ಥಳಕ್ಕಾಗಿ 39 ಅಡಿಯ ಬಾಹುಬಲಿಯನ್ನು ಈ ಕಾರ್ಕಳದ ಕಲ್ಲಿನಲ್ಲಿಯೇ ಕಡೆದರು. 1973ರಲ್ಲಿ ಆ ಏಕಶಿಲೆಯು ಇಲ್ಲಿಂದ ಹೊರಟಿತು, 1982ರಲ್ಲಿ ಪ್ರತಿಷ್ಠೆಗೊಂಡಿತು. ಇಲ್ಲಿಯ ಕರಿಕಲ್ಲು ಗಡುಸಾದುದು. ಸಿಟ್ಟಿನಿಂದ ಹೊಡೆದವನಿಗೆ ಅದು ಒಲಿಯದು, ಸೀಳುತ್ತದೆ. ತಾವೋ ಪಂಥದವರು ಅಕರ್ಮವೆಂದು ಕರೆದುದು ಸೋಮಾರಿತನವನ್ನಲ್ಲ. ವಸ್ತುವಿನ ಸಹಜ ಗತಿಯನ್ನರಿತು, ಬಲಾತ್ಕಾರವಿಲ್ಲದೆ ಮಾಡುವ ಈ ಬಗೆಯ ದುಡಿಮೆಯನ್ನು.

ಚುವಾಂಗ್‌ತ್ಸೆಯು ಹೇಳುವ ಮತ್ತೊಬ್ಬ ಬಡಗಿ, ಲು ರಾಜ್ಯದ ಛಿಂಗ್ ಎಂಬವನು, ಗಂಟೆಯನ್ನು ತೂಗಿಸುವ ಮರದ ಪೀಠವೊಂದನ್ನು ಮಾಡಿದಾಗ ನೋಡಿದವರು ಅದನ್ನು ದೇವತೆಗಳ ಕೆಲಸವೆಂದು ಭ್ರಮಿಸಿದರಂತೆ. ರಹಸ್ಯವೇನೆಂದು ದೊರೆ ಕೇಳಲು ಅವನು ತನ್ನ ಉಪವಾಸದ ಕ್ರಮವನ್ನು ತಿಳಿಸುತ್ತಾನೆ: ಮೂರು ದಿನಗಳಾದಾಗ ಬಹುಮಾನ ಸಂಬಳಗಳ ಯೋಚನೆ ಕಳೆಯಿತು, ಐದು ದಿನಗಳಾದಾಗ ಹೊಗಳಿಕೆ ತೆಗಳಿಕೆಗಳು ಕಳೆದವು, ಏಳನೆಯ ದಿನಕ್ಕೆ ತನ್ನ ಕೈಕಾಲುಗಳ ಪರಿವೆಯೂ ಅಳಿಯಿತು. ಆ ಬಳಿಕವೇ ಅವನು ಕಾಡನ್ನು ಹೊಕ್ಕದ್ದು. ಸಂಬಳವನ್ನು ಮೊದಲು ಕೇಳಿ ಕೆಲಸವನ್ನು ಆಮೇಲೆ ನೋಡುವ ಈ ಕಾಲದಲ್ಲಿ ಅವನ ಕ್ರಮವು ತಲೆಕೆಳಗಾಗಿ ಕಾಣಬಹುದು. ಮನೆಯ ಸಾಲವನ್ನು ತೀರಿಸಬೇಕಾದ ತರುಣರು ನಿಮ್ಮಲ್ಲಿ ಹಲವರಿರುವಿರೆಂಬುದನ್ನು ನಾನು ಬಲ್ಲೆ. ಸಂಬಳವನ್ನು ತೊರೆಯಿರೆಂದು ನಾನು ಹೇಳುತ್ತಿಲ್ಲ. ಉಳಿಯು ಮರವನ್ನು ಮುಟ್ಟುವ ಗಳಿಗೆಯಲ್ಲಿ ಮಾತ್ರ ಅದು ಮನಸ್ಸಿನಲ್ಲಿರಬಾರದು.

ಛಿಂಗನ ಉತ್ತರದಲ್ಲಿ ಇನ್ನೊಂದು ಅಂಶವಿದೆ. ಅದನ್ನು ಓದುಗರು ಹೆಚ್ಚಾಗಿ ಗಮನಿಸುವುದಿಲ್ಲ. ಕಾಡಿನ ಮರವೊಂದರಲ್ಲಿ ಆ ಪೀಠವು ಪೂರ್ಣವಾಗಿ ಗೋಚರಿಸಿದರೆ ಮಾತ್ರ ಅವನು ಕೈಯಿಡುತ್ತಾನೆ. ಗೋಚರಿಸದಿದ್ದರೆ ಆ ಮರವನ್ನು ಹಾಗೆಯೇ ಬಿಟ್ಟುಬಿಡುತ್ತಾನೆ. ಬೆಂಗಳೂರಿಗೋ ಮುಂಬಯಿಗೋ ಕೊಲ್ಲಿಯ ದೇಶಗಳಿಗೋ ಹೊರಡಲಿರುವ ನಿಮಗೆ ಮುಂದೆ ಅನೇಕ ಮರಗಳು ಎದುರಾಗುವವು. ನೆರೆಯವರು ಕಡಿದರೆಂದು ನೀವೂ ಕಡಿಯಬೇಕಾಗಿಲ್ಲ.