ಕೊಳಗ ಒಂದೇ ಇರಲಿ



1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ತಿರುಗಿ ನಿಂತದ್ದು ಒಂದು ಕೊಳಗದ ಪ್ರಶ್ನೆಗೆ. ಗೇಣಿ ಭತ್ತ ಅಳೆದುಕೊಳ್ಳುವ ಒಡೆಯರ ಕೊಳಗ ದೊಡ್ಡದಾಗಿತ್ತು. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಗೋಪಾಲಗೌಡರು ಜೊತೆಗೆ ನಿಂತರು, ಡಾ. ಲೋಹಿಯಾ ಬಂದು ಬಂಧಿತರಾದರು. ಲೋಹಿಯಾ ಅವರಿಗೆ ಕಾಗೋಡಿನಲ್ಲಿ ಗೇಣಿ ಗದ್ದೆ ಇರಲಿಲ್ಲ. ಆದರೂ ಬಂದರು. ಒಗ್ಗಟ್ಟೆಂದರೆ ಅದು. ಗೇಣಿ ಪದ್ಧತಿಯನ್ನೇ ಕೊನೆಗಾಣಿಸುವ ಕಾನೂನು ಬಂದದ್ದು 1974ರಲ್ಲಿ. ಅಷ್ಟು ಕಾಲ ಕಾಯುವ ತಾಳ್ಮೆ ಅವಕಾಶವಾದಿಗೆ ಇರುವುದಿಲ್ಲ.

ನಮ್ಮೊಳಗೂ ಎರಡು ಕೊಳಗ ಇಟ್ಟುಕೊಂಡವರಿದ್ದಾರೆ: ಚಂದಾ ಕೊಡಲು ಚಿಕ್ಕದು, ಸ್ಥಾನ ಪಡೆಯಲು ದೊಡ್ಡದು. ಮುಷ್ಕರದ ದಿನ ಮನೆಯಲ್ಲಿ, ರಾಜಿಯ ದಿನ ವೇದಿಕೆಯಲ್ಲಿ. ಒಡೆಯರ ಕಳ್ಳ ಅಳತೆಯನ್ನು ವಿರೋಧಿಸುವ ನಾವು ನಮ್ಮವರ ಕಳ್ಳ ಅಳತೆಯನ್ನು ಸಹಿಸಬಾರದು. ಸಂಘದ ಸಮಿತಿ ಆರಿಸುವಾಗ ಒಂದೇ ಮಾತು ಕೇಳೋಣ: ಕಳೆದ ಮುಷ್ಕರದ ದಿನ ಈತ ಎಲ್ಲಿದ್ದ?