ಅಪ್ಪನ ಕಿವಿಗೆ ಒಂದು ಇಂಜಿನ್

(ಮಹಿಳಾ ವೇದಿಕೆಯ ‘ನನ್ನ ಹವ್ಯಾಸ’ ಕಾರ್ಯಕ್ರಮದಲ್ಲಿ ಆಡಿದ ಮಾತಿನ ಬರಹರೂಪ)



ಹೋದ ಸಲ ಇದೇ ಕಾರ್ಯಕ್ರಮದಲ್ಲಿ ಕಸೂತಿಯ ಬಗ್ಗೆ ಮಾತಾಗಿತ್ತು, ಅದಕ್ಕೂ ಮೊದಲು ತಾರಸಿ ತೋಟ. ಈ ಸಲ ನನ್ನನ್ನು ಕೇಳಿದಾಗ, ‘ನಾನು ಆಟಿಕೆ ರೈಲು ಇಂಜಿನ್ನಿಗೆ ಸದ್ದು ಕೂರಿಸುತ್ತೇನೆ’ ಅಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ‘ಪರವಾಗಿಲ್ಲ, ಹೊಸದಾಗಿದೆ, ಹದಿನೈದು ನಿಮಿಷ ಮಾತಾಡಿ’ ಎಂಬ ಉತ್ತರ ಬಂತು. ಅದಕ್ಕೇ ಇಲ್ಲಿ ನಿಂತಿದ್ದೇನೆ.

ನಾವಿರುವುದು ಘೋಟಿಯಲ್ಲಿ. ನಾಶಿಕ್‌ನಿಂದ ಮುಂಬೈ ಕಡೆ ಹೋಗುವಾಗ ಇಗತಪುರಿಗೆ ಮೊದಲು ಸಿಗುತ್ತದಲ್ಲ, ಅಕ್ಕಿ ಗಿರಣಿಗಳ ಊರು, ಅದೇ. ಯಜಮಾನರಿಗೆ ಹತ್ತಿರದ ಕಾರ್ಖಾನೆಯಲ್ಲಿ ಕೆಲಸ, ನನಗೆ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ. ಎಂ.ಟೆಕ್‌ನಲ್ಲಿ ಓದಿದ್ದು ಸಿಗ್ನಲ್ ಪ್ರೊಸೆಸಿಂಗ್, ಹೊಟ್ಟೆಗೆ ಮಾಡುವುದು ಬ್ಯಾಂಕಿನ ಸಾಫ್ಟ್‌ವೇರ್. ಓದಿದ್ದೊಂದು ಮಾಡುವುದೊಂದು. ಇದು ನಿಮ್ಮ ಮನೆಯ ಮಕ್ಕಳ ಕಥೆಯೂ ಆಗಿರಬಹುದು.

ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ಹುಬ್ಬಳ್ಳಿಯಿಂದ ಕರೆದುಕೊಂಡು ಬಂದೆವು. ಅಪ್ಪ ರೈಲ್ವೆಯವರು. ಎಪ್ಪತ್ತರ ದಶಕದಲ್ಲಿ ಕ್ಲೀನರ್ ಆಗಿ ಸೇರಿ ಫಾಯರ್‌ಮನ್ ಆದವರು. ಆಗ ಹುಬ್ಬಳ್ಳಿಯದು ಮೀಟರ್ ಗೇಜ್ ಹಳಿ. ವೈ.ಜಿ. ಎಂಬ ಗೂಡ್ಸ್ ಇಂಜಿನ್, ವೈ.ಪಿ. ಎಂಬ ಪ್ಯಾಸೆಂಜರ್ ಇಂಜಿನ್. ಕುಲೇಮ್‌ನಿಂದ ದೂಧ್‌ಸಾಗರದ ಮೇಲೆ ಕ್ಯಾಸಲ್‌ರಾಕ್‌ಗೆ ಹತ್ತುವ ಘಾಟಿನಲ್ಲಿ ಅವರು ಎಷ್ಟು ಕಲ್ಲಿದ್ದಲು ಎಸೆದಿದ್ದಾರೋ ಲೆಕ್ಕವಿಲ್ಲ. ಕಲ್ಲಿದ್ದಲು ಅವರ ಬೆನ್ನು ತಿಂದಿತು, ಇಂಜಿನ್ನು ಅವರ ಕಿವಿ ತಿಂದಿತು.

ಘೋಟಿಗೆ ಬಂದ ಮೇಲೆ ಅಪ್ಪ ಮಾತು ಕಡಿಮೆ ಮಾಡಿದರು. ಸುತ್ತ ಮರಾಠಿ, ಅದು ಒಂದು ಕಾರಣ. ಕನ್ನಡದಲ್ಲಿ ಮಾತಾಡಿದರೂ ಅರ್ಧವೇ ಕೇಳುತ್ತಿತ್ತು. ಊಟಕ್ಕೆ ಕೂತಾಗ ‘ಸಾಕಾ?’ ಅಂದರೆ ಅವರಿಗೆ ‘ಆಕಾ’ ಎಂದು ಕೇಳುತ್ತಿತ್ತು. ಟಿ.ವಿ. ಸದ್ದು ಕೆಳಗಿನ ಮನೆಗೂ ಹೋಗುತ್ತಿತ್ತು. ಕಿವಿ ಡಾಕ್ಟರರ ಬಳಿ ಒಮ್ಮೆ ಹೋದೆವು. ಪರೀಕ್ಷೆಯ ನಕ್ಷೆಯಲ್ಲಿ 4000 ಹರ್ಟ್ಜ್ ಸುತ್ತಮುತ್ತ ದೊಡ್ಡ ಹಳ್ಳ. ವರ್ಷಗಟ್ಟಲೆ ಗದ್ದಲದಲ್ಲಿ ದುಡಿದವರ ಕಿವಿ ಮೊದಲು ಸವೆಯುವುದು ಅಲ್ಲೇ. ಸ, ಶ, ತ ಮುಂತಾದ ಅಕ್ಷರಗಳನ್ನು ಒಂದರಿಂದ ಒಂದು ಬೇರೆ ಮಾಡುವ ಸದ್ದು ಹೆಚ್ಚಾಗಿ ಇರುವುದೂ ಆ ಎತ್ತರದಲ್ಲೇ. ಕಿವಿಯ ಮಷೀನು ಹಾಕಿಕೊಳ್ಳಿ ಅಂದರೆ, ‘ನನಗೇನು ಕೇಳಬೇಕಾಗೈತಿ ಈಗ?’ ಅಂದರು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದು ದಿನ ಅವರನ್ನು ಕಸಾರಾಕ್ಕೆ ಕರೆದುಕೊಂಡು ಹೋದೆ. ಅಲ್ಲಿ ರೈಲಿನ ಹಿಂದೆ ಬ್ಯಾಂಕರ್ ಇಂಜಿನ್ ಸೇರಿಸಿ ಇಗತಪುರಿಯವರೆಗೆ ತಳ್ಳಿಸುತ್ತಾರೆ. ಅಪ್ಪ ನೋಡಿದರು. ‘ಏರು ಎಷ್ಟು?’ ಎಂದು ಕೇಳಿದರು. ಫೋನಿನಲ್ಲಿ ಹುಡುಕಿ ಹೇಳಿದೆ: 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ‘ನಮ್ಮ ಘಾಟದ್ದೂ ಅಷ್ಟ!’ ಅಂದರು. ದೂಧ್‌ಸಾಗರದ ಏರೂ 37ಕ್ಕೆ 1. ಮನೆಗೆ ಬರುವವರೆಗೂ ಮಾತು ನಿಲ್ಲಲಿಲ್ಲ. ಈ ಥಲ್ ಘಾಟಿನಲ್ಲಿ ರೈಲು ಓಡಿದ್ದು 1865ರಲ್ಲಿ. 1930ರ ಹೊತ್ತಿಗೆ ಇಗತಪುರಿಯವರೆಗೆ ವಿದ್ಯುತ್ ಬಂತು, ಆದರೆ ಅಲ್ಲಿಂದ ಮುಂದೆ ಅರವತ್ತರ ದಶಕದ ಕೊನೆಯವರೆಗೂ ತಂತಿ ಇರಲಿಲ್ಲ. ಹಾಗಾಗಿ ಘಾಟು ಹತ್ತಿಸಿದ ವಿದ್ಯುತ್ ಇಂಜಿನ್ ಕಳಚಿ ಇಗತಪುರಿಯಲ್ಲಿ ಉಗಿ ಇಂಜಿನ್ ಕಟ್ಟುತ್ತಿದ್ದರು. ಅದು ಹೊರಟು ಮೊದಲು ದಾಟುತ್ತಿದ್ದ ಊರು ನಮ್ಮ ಘೋಟಿ. ಇದನ್ನು ಕೇಳಿದ ಮೇಲೆ ಅಪ್ಪನಿಗೆ ಊರು ಸ್ವಲ್ಪ ತಮ್ಮದು ಅನ್ನಿಸಿರಬೇಕು.

ಆ ವರ್ಷವೇ ಪುಣೆಯ ಕೋಥ್ರೂಡ್‌ನಲ್ಲಿರುವ ಜೋಶಿಯವರ ಕಿರು ರೈಲು ವಸ್ತುಸಂಗ್ರಹಾಲಯಕ್ಕೆ ಹೋದೆವು. 1998ರಲ್ಲಿ ತೆರೆದದ್ದು. ಮಕ್ಕಳಿರುವವರು ಖಂಡಿತ ಹೋಗಿ ಬನ್ನಿ. ಬರುವಾಗ ಅಪ್ಪ ಅಂದದ್ದು ಒಂದೇ: ‘ಇಂಜಿನ್ ಚಂದ ಅದಾವು. ಉಸಿರಿಲ್ಲ.’

ನನ್ನ ಹವ್ಯಾಸ ಶುರುವಾದದ್ದು ಆ ಮಾತಿನಿಂದ.

ಅಮೆರಿಕದಲ್ಲಿರುವ ಮೈದುನ ಬರುವಾಗ ಹಳೆಯ ಒಂದು ಇಂಜಿನ್ ತಂದುಕೊಟ್ಟ. ನಿಜದ ಇಂಜಿನ್ನಿನ 87ನೆಯ ಒಂದು ಭಾಗದಷ್ಟು. ಮುಂದೆ ಎರಡು ಸಣ್ಣ ಚಕ್ರ, ನಡುವೆ ಎಂಟು ದೊಡ್ಡವು, ಹಿಂದೆ ಎರಡು. ವೈ.ಜಿ. ಇಂಜಿನ್ನಿನದೂ ಇದೇ ಜೋಡಣೆ. ದೇಶ ಬೇರೆಯಾದರೂ ಗೋತ್ರ ಒಂದೇ ಎಂದು ಸಮಾಧಾನ ಮಾಡಿಕೊಂಡೆ.

ಸಾಮಾನ್ಯ ಆಟಿಕೆ ರೈಲಿನಲ್ಲಿ ಹಳಿಗೆ ಹೆಚ್ಚು ವೋಲ್ಟೇಜ್ ಕೊಟ್ಟರೆ ಇಂಜಿನ್ ಜೋರಾಗಿ ಓಡುತ್ತದೆ, ಅಷ್ಟೇ. ಡಿಜಿಟಲ್ ಪದ್ಧತಿಯಲ್ಲಿ ಹಳಿಯಲ್ಲಿ ಯಾವಾಗಲೂ ಪೂರ್ತಿ ವಿದ್ಯುತ್ ಇರುತ್ತದೆ, ಅದೇ ವಿದ್ಯುತ್ತಿನಲ್ಲಿ ಸಂದೇಶವೂ ಹೋಗುತ್ತದೆ. ವಿದ್ಯುತ್ತು ದಿಕ್ಕು ಬದಲಿಸುತ್ತಲೇ ಇರುತ್ತದೆ. 58 ಮೈಕ್ರೊಸೆಕೆಂಡಿಗೊಮ್ಮೆ ಬದಲಿಸಿದರೆ ‘ಒಂದು’, 100 ಮೈಕ್ರೊಸೆಕೆಂಡಿಗೊಮ್ಮೆ ಬದಲಿಸಿದರೆ ‘ಸೊನ್ನೆ’. ಇಂಜಿನ್ನಿನೊಳಗೆ ಕೂತ ಡಿಕೋಡರ್ ಎಂಬ ಹಲಗೆ ತನ್ನ ನಂಬರಿಗೆ ಬಂದ ಆಜ್ಞೆಯನ್ನು ಮಾತ್ರ ಪಾಲಿಸುತ್ತದೆ. ಹುಟ್ಟುವಾಗ ಎಲ್ಲ ಡಿಕೋಡರ್‌ಗಳ ನಂಬರೂ 3. ಆಮೇಲೆ ನಾವು ನಾಮಕರಣ ಮಾಡಬೇಕು. ಸದ್ದಿನ ಡಿಕೋಡರ್ ಆದರೆ ಅದರ ನೆನಪಿನಲ್ಲಿ ನಿಜ ಇಂಜಿನ್ನಿನ ಧ್ವನಿಮುದ್ರಣ ಇರುತ್ತದೆ. ಕೆಂಪು, ಕಪ್ಪು ತಂತಿ ಹಳಿಯಿಂದ ಬರುವುದು. ಕಿತ್ತಳೆ, ಬೂದು ಮೋಟರಿಗೆ. ಬಿಳಿ, ಹಳದಿ, ನೀಲಿ ದೀಪಕ್ಕೆ. ನನ್ನದರಲ್ಲಿ ಕಂದು ಬಣ್ಣದ ಎರಡು ತಂತಿ ಸ್ಪೀಕರಿಗೆ. ಕಸೂತಿಯವರಿಗೆ ಇದೇನೂ ಕಷ್ಟವಲ್ಲ, ನೂಲು ಮಾತ್ರ ಬೇರೆ.

ಇದರಲ್ಲಿ ತಪ್ಪಬಾರದ ನಿಯಮ ಒಂದಿದೆ. ಮೋಟರಿನ ಎರಡೂ ತುದಿ ಇಂಜಿನ್ನಿನ ಲೋಹದ ಮೈಗೆ ತಾಗಬಾರದು. ಹಳೆಯ ಇಂಜಿನ್‌ಗಳಲ್ಲಿ ಬೇಕಂತಲೇ ತಾಗಿಸಿರುತ್ತಾರೆ. ನಾನು ಅದನ್ನು ಬಿಡಿಸಿ, ಅಂಟುಪಟ್ಟಿ ಸುತ್ತಿ, ಮಲ್ಟಿಮೀಟರ್ ಹಿಡಿದು ಮೂರು ಸಲ ನೋಡಿದೆ. ಎಲ್ಲ ಸರಿ ಇತ್ತು. ಆಮೇಲೆ ಮೇಲಿನ ಕವಚ ಹಾಕಿ ಸ್ಕ್ರೂ ಬಿಗಿ ಮಾಡಿದೆ. ಆ ಸ್ಕ್ರೂ ಪಟ್ಟಿಯನ್ನು ಒತ್ತಿ ಮೈಗೆ ತಾಗಿಸಿತು, ನಾನು ಮತ್ತೆ ಮೀಟರ್ ಹಿಡಿಯಲಿಲ್ಲ. ಹಳಿಯ ಮೇಲೆ ಇಟ್ಟೆ. ಸಣ್ಣದೊಂದು ಚಿಟ್ ಸದ್ದು, ಸುಟ್ಟ ವಾಸನೆ. ಒಂದು ಒಳ್ಳೆಯ ಮಿಕ್ಸಿಯ ಬೆಲೆ ಹೋಯಿತು. ಯಜಮಾನರು ಏನೂ ಅನ್ನಲಿಲ್ಲ, ಅದೇ ಹೆಚ್ಚು ಬೇಜಾರು.

ಅಪ್ಪ ಬಂದು ನೋಡಿದರು. ಪಕ್ಕದಲ್ಲಿ ಕೂತು, ನಮಗೆ ಯಾರಿಗೂ ಎಂದೂ ಹೇಳದ ಒಂದು ಸಂಗತಿ ಹೇಳಿದರು. ಬಾಯ್ಲರಿನ ಬೆಂಕಿಗೂಡಿನ ನೆತ್ತಿಯಲ್ಲಿ ಸೀಸದ ಪ್ಲಗ್ ಇರುತ್ತದೆ. ನೀರು ನೆತ್ತಿಗಿಂತ ಕೆಳಗಿಳಿದರೆ ಸೀಸ ಕರಗಿ, ಉಗಿ ಬೆಂಕಿಯ ಮೇಲೆ ನುಗ್ಗುತ್ತದೆ. ಇಂಜಿನ್ ಅಲ್ಲೇ ನಿಲ್ಲುತ್ತದೆ. ಫಾಯರ್‌ಮನ್‌ಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ‘ಮಳಿ ರಾತ್ರಿ. ಏರು ಹತ್ತೂ ತನಕ ಗ್ಲಾಸ್‌ನ್ಯಾಗ ನೀರು ಬೇಕಾದಷ್ಟು ಕಾಣತಿತ್ತು. ಏರದಾಗ ನೀರು ಹಿಂದ ಬಂದು ನಿಂತಿರತೈತಿ, ಅದನ್ನ ನಾ ಮರತೆ. ಮ್ಯಾಲ ಬಂದು ಇಂಜಿನ್ ಸಪಾಟ ಆದ ಕೂಡ್ಲೆ ನೀರೆಲ್ಲ ಮುಂದ ಹೋತು. ಪ್ಲಗ್ ಹೋತು.’ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: ‘ಇನ್ನೊಂದು ತರಸ್ತೀಯಿಲ್ಲೊ?’

ತರಿಸಿದೆ. ಈ ಸಲ ಕವಚ ಹಾಕಿದ ಮೇಲೆ ಮತ್ತೊಮ್ಮೆ ಮೀಟರ್ ಹಿಡಿದೆ. ಡಿಕೋಡರನ್ನು ಹಿಂದಿನ ಟೆಂಡರ್‌ನಲ್ಲಿ ಕೂರಿಸಿದೆ. ನಿಜ ಇಂಜಿನ್ನಿನಲ್ಲಿ ಕಲ್ಲಿದ್ದಲು, ನೀರು ಇರುವ ಜಾಗ ಅದು. ಸ್ಪೀಕರ್ ಮೊಬೈಲ್ ಫೋನಿನಲ್ಲಿರುವಂಥದ್ದು, ಹೆಬ್ಬೆರಳ ಉಗುರಿನಷ್ಟು. ಅದಕ್ಕೊಂದು ಮುಚ್ಚಿದ ಡಬ್ಬಿ ಕಟ್ಟಲೇಬೇಕು, ಇಲ್ಲದಿದ್ದರೆ ಮುಂದಿನ ಗಾಳಿ ಹಿಂದಿನ ಗಾಳಿಯನ್ನು ನುಂಗಿ ಸೊಳ್ಳೆಯ ಸದ್ದು ಬರುತ್ತದೆ.

ಇಂಜಿನ್ ಉಸಿರಾಡಿತು. ನನಗೆ ಖುಷಿಯೋ ಖುಷಿ. ಅಪ್ಪ ಮುಖ ಗಂಟು ಹಾಕಿದರು. ‘ಇದ್ಯಾಕ ಗುಡಿ ಗಂಟಿ ಬಾರಸಾಕತ್ತೈತಿ?’ ಅಮೆರಿಕದ ಇಂಜಿನ್‌ಗಳಿಗೆ ಗಂಟೆ ಇರುತ್ತದೆ, ಧ್ವನಿಯೂ ಅಲ್ಲಿಯದೇ. ‘ನಿಂತಾಗ ಇದೇನು ಟುಕ್ ಟುಕ್?’ ಅದು ಗಾಳಿ ಬ್ರೇಕಿನ ಪಂಪು. ನಮ್ಮಲ್ಲಿ ಇದ್ದದ್ದು ನಿರ್ವಾತದ ಬ್ರೇಕು, ಅದಕ್ಕೆ ಪಂಪಿಲ್ಲ, ಸುಯ್ ಎನ್ನುವ ಉಗಿ ಮಾತ್ರ. ‘ಚಕ್ರ ಒಂದು ಹೇಳತೈತಿ, ಸದ್ದು ಒಂದು ಹೇಳತೈತಿ.’ ಅದೂ ನಿಜ. ಎರಡು ಸಿಲಿಂಡರ್, ಎರಡೂ ಕಡೆಯಿಂದ ತಳ್ಳುವವು. ಹಾಗಾಗಿ ಚಕ್ರ ಒಂದು ಸುತ್ತು ಬಂದರೆ ನಾಲ್ಕು ಸಲ ಛಕ್ ಅನ್ನಬೇಕು. ಚಕ್ರಕ್ಕೆ ಬಿಳಿ ಚುಕ್ಕೆ ಇಟ್ಟು, ಅಪ್ಪ ತೊಡೆಯ ಮೇಲೆ ತಾಳ ಹಾಕುತ್ತ ಎಣಿಸಿದರು, ನಾನು ಡಿಕೋಡರಿನ ಅಂಕಿ ತಿದ್ದುತ್ತಾ ಹೋದೆ. ಎರಡು ಸಂಜೆ ಹಿಡಿಯಿತು.

ಕೊನೆಯ ತಕರಾರು ದೊಡ್ಡದು. ‘ಏರದಾಗೂ ಹಂಗ ಕೂಗತೈತಿ, ಇಳಿಜಾರದಾಗೂ ಹಂಗ ಕೂಗತೈತಿ. ಇದಕ್ಕ ಲೋಡ್ ಗೊತ್ತಿಲ್ಲ.’ ಮಿಕ್ಸಿಗೆ ಗಟ್ಟಿ ಚಟ್ನಿ ಹಾಕಿದಾಗ ಅದರ ಸದ್ದು ಬದಲಾಗುವುದು ನಿಮಗೆ ಗೊತ್ತು. ಡಿಕೋಡರ್ ಕೂಡ ಸೆಕೆಂಡಿಗೆ ಎಷ್ಟೋ ಸಲ ಮೋಟರಿನ ವಿದ್ಯುತ್ ಕ್ಷಣಕಾಲ ನಿಲ್ಲಿಸಿ, ತಿರುಗುತ್ತಿರುವ ಮೋಟರ್ ತಾನೇ ಹುಟ್ಟಿಸುವ ವೋಲ್ಟೇಜನ್ನು ಅಳೆಯುತ್ತದೆ. ಅದರಿಂದ ವೇಗ ತಿಳಿಯುತ್ತದೆ. ವೇಗ ಉಳಿಸಲು ಎಷ್ಟು ವಿದ್ಯುತ್ ಬೇಕಾಯಿತು ಎಂಬುದರಿಂದ ಭಾರ ತಿಳಿಯುತ್ತದೆ. ಭಾರ ಹೆಚ್ಚಾದರೆ ಛಕ್ ಗಡುಸಾಗಬೇಕು, ಇಳಿಜಾರಿನಲ್ಲಿ ಛಕ್ ಹೋಗಿ ಸಲಾಕೆಗಳ ಕಿಣಿಕಿಣಿ ಉಳಿಯಬೇಕು. ಇದನ್ನು ಕಲಿಸಲು ಏರು ಬೇಕಲ್ಲ? ಎಂಟಡಿ ಪ್ಲೈವುಡ್ ತಂದು ಒಂದು ತುದಿಯನ್ನು ಎರಡೂವರೆ ಇಂಚಿಗಿಂತ ಒಂದು ಗೆರೆ ಹೆಚ್ಚು ಎತ್ತಿದೆವು. 37ಕ್ಕೆ 1. ಅಪ್ಪನೇ ಅಳೆದರು.

ಸೀಟಿಗೆ ನಮ್ಮ ದೇಶದ್ದೇ ಬೇಕು ಎಂದು ಹಟ. ಹರಿಯಾಣದ ರೇವಾಡಿಯಲ್ಲಿ ಹಳೆಯ ಉಗಿ ಇಂಜಿನ್‌ಗಳನ್ನು ಇನ್ನೂ ಜೀವಂತ ಇಟ್ಟಿದ್ದಾರೆ. ಗುರುಗ್ರಾಮದಲ್ಲಿರುವ ಸಹೋದ್ಯೋಗಿ ಹೋಗಿ ಫೋನಿನಲ್ಲಿ ಮುದ್ರಿಸಿ ಕಳಿಸಿದಳು. ಕೇಳಿದರೆ ಇಂಜಿನ್ನೇ ಇಲ್ಲ! ಫೋನು ಮನುಷ್ಯರ ಮಾತನ್ನು ಉಳಿಸಿ ಉಳಿದದ್ದನ್ನು ಗದ್ದಲ ಎಂದು ಅಳಿಸುತ್ತದೆ. ಅದರ ಲೆಕ್ಕದಲ್ಲಿ ಉಗಿಯೂ ಗದ್ದಲವೇ. ಪಾಪ, ಆ ಸೋಸುವಿಕೆ ಇಲ್ಲದ ಆ್ಯಪ್ ಹಾಕಿಕೊಂಡು ಮತ್ತೊಮ್ಮೆ ಹೋದಳು.

ಆ ಮುದ್ರಣವನ್ನು ಕಂಪ್ಯೂಟರಿನಲ್ಲಿ ತೆರೆದಾಗ ನನಗೆ ಹೊಳೆದದ್ದನ್ನು ಹೇಳಬೇಕು. ಉಗುರಿನಷ್ಟು ಸ್ಪೀಕರಿಗೆ ಕೆಳಗಿನ ಧ್ವನಿ ಬರುವುದಿಲ್ಲ. ನನ್ನದರಲ್ಲಿ ಸುಮಾರು 500 ಹರ್ಟ್ಜ್‌ಗಿಂತ ಕೆಳಗೆ ಜೀವವೇ ಇಲ್ಲ. ಅಪ್ಪನ ಕಿವಿಗೆ ಮೇಲಿನ ಧ್ವನಿ ಇಲ್ಲ. 2500 ದಾಟಿದರೆ ನಕ್ಷೆ ಪಾತಾಳಕ್ಕೆ ಇಳಿಯುತ್ತದೆ. ಇಂಜಿನ್ನಿನ ಗುಡುಗು ಸ್ಪೀಕರಿನ ಕೆಳಗೆ ಹೋಗುತ್ತಿತ್ತು, ಉಗಿಯ ಸುಯ್ ಅಪ್ಪನ ಕಿವಿಯ ಮೇಲೆ ಹೋಗುತ್ತಿತ್ತು. ಇಬ್ಬರೂ ಭೇಟಿಯಾಗಲು ನಡುವೆ ಸಣ್ಣದೊಂದು ಕಿಟಕಿ. ಡಾಕ್ಟರು ಕೊಟ್ಟ ನಕ್ಷೆ ಎದುರಿಗಿಟ್ಟುಕೊಂಡು ಪ್ರತಿ ಛಕ್ಕನ್ನೂ ಆ ಕಿಟಕಿಯೊಳಗೆ ತಂದೆ. 800ರಿಂದ 2000ದವರೆಗೆ ಎತ್ತಿದೆ, ಉಳಿದದ್ದನ್ನು ಇಳಿಸಿದೆ. ಹವ್ಯಾಸಿಗಳು ಕೇಳಿದರೆ ‘ಇದೇನು, ಡಬ್ಬಿ ಬಡಿದ ಹಾಗಿದೆ’ ಅನ್ನುತ್ತಾರೆ. ನನ್ನ ಮಗನೂ ಅದನ್ನೇ ಅಂದ. ಎಂ.ಟೆಕ್‌ನಲ್ಲಿ ಕಲಿತದ್ದು ಮೊದಲ ಸಲ ಕೆಲಸಕ್ಕೆ ಬಂದದ್ದು ಹೀಗೆ.

ಹಲಗೆಯ ಮೇಲೆ ಆರು ಗೂಡ್ಸ್ ಡಬ್ಬಿ ಕಟ್ಟಿ ಬಿಟ್ಟೆವು. ಅರ್ಧ ಏರಿನಲ್ಲಿ ಛಕ್ ಗಡುಸಾಯಿತು. ಅಪ್ಪ ಏನೂ ಅನ್ನಲಿಲ್ಲ. ಬಲಗೈ ಮಾತ್ರ ಸಲಿಕೆ ಹಿಡಿದ ಹಾಗೆ ಮುಚ್ಚಿಕೊಂಡಿತ್ತು. ಸೀಟಿ ಕೂಗಿಸಿದೆ. ‘ಉದ್ದ ಹೊಡಿ, ಗೇಟ್ ಬಂತು’ ಅಂದರು.

ಆಮೇಲೆ ಕೇಳಿದರು: ‘ಇಂಜೆಕ್ಟರ್ ಹಾಕಿಲ್ಲೇನು?’ ಬಾಯ್ಲರಿಗೆ ನೀರು ತುಂಬಿಸುವ ಇಂಜೆಕ್ಟರ್ ಸರಿಯಾಗಿ ಹಿಡಿದರೆ ಸಣ್ಣಗೆ ಹಾಡುತ್ತದಂತೆ, ಫಾಯರ್‌ಮನ್ ಅದನ್ನು ಕಿವಿಯಲ್ಲೇ ತಿಳಿಯುತ್ತಾನಂತೆ. ‘ಹಾಕಿದೀನಿ ಅಪ್ಪಾ, ಏಳನೇ ಬಟನ್. ಆಗಿನಿಂದ ಹಾಡ್ತಾನೇ ಇದೆ’ ಅಂದೆ. ಅದು ತೀರಾ ಎತ್ತರದ ಧ್ವನಿ, ಕಿಟಕಿಯೊಳಗೆ ತರಲು ಆಗಿರಲಿಲ್ಲ. ಅಪ್ಪ ಟೆಂಡರಿಗೆ ಕಿವಿ ಹಚ್ಚಿದರು. ಎದ್ದು ಒಳಗೆ ಹೋದರು. ನಾನು ಹೇಳಬಾರದಿತ್ತೇನೋ ಎಂದು ರಾತ್ರಿಯೆಲ್ಲ ಅನ್ನಿಸಿತು.

ನಾಲ್ಕು ದಿನ ಕಳೆದು, ಚಹಾ ಕುಡಿಯುವಾಗ, ‘ಆ ಕಿವಿ ಡಾಕ್ಟರ್ ಎಂದು ಸಿಗತಾರ?’ ಅಂದರು.

ಈಗ ಮಷೀನು ಬಂದು ಮೂರು ತಿಂಗಳಾಯಿತು. ಹಾಕಿಕೊಂಡ ದಿನವೇ ಹಲಗೆಯ ಮುಂದೆ ಕೂತು ಏಳನೇ ಬಟನ್ ಒತ್ತಿಸಿದರು. ಕೇಳಿದರು, ತಲೆ ಆಡಿಸಿದರು. ಆಮೇಲೆ, ‘ಏ ತಂಗಿ, ಒಳಗ ಗೇರ್ ಕಿರಕಿರ ಅಂತೈತಲ್ಲ. ಇಷ್ಟ ದಿನ ಹಂಗ ಓಡಸಿದೇನು? ಎಣ್ಣಿ ಹಾಕು’ ಅಂದರು.

ಎಣ್ಣೆ ಹಾಕಿದ್ದೇನೆ. ಇಂಜಿನ್ ಆ ಮೇಜಿನ ಮೇಲಿದೆ, ಹಲಗೆಯೂ ಇದೆ, ಎರಡನೆಯ ಸಾಲಿನಲ್ಲಿ ಅಪ್ಪನೂ ಇದ್ದಾರೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ಓಡಿಸಬಹುದು. ಒಂದನೇ ಬಟನ್ ಮಾತ್ರ ಒತ್ತಬೇಡಿ, ಅದು ಗಂಟೆ.