ತೊಟ್ಟಿಲ ಯಜಮಾನರು



ವಿಜಯಪುರ ನಗರದಲ್ಲಾಗಲಿ, ತಿಕೋಟಾ, ಬಬಲೇಶ್ವರದ ಹಳ್ಳಿಗಳಲ್ಲಾಗಲಿ, ಮನೆಯ ಯಜಮಾನರು ಯಾರೆಂದು ಕೇಳಿದರೆ ಅಜ್ಜನ ಹೆಸರು ಹೇಳುತ್ತಾರೆ. ನಿಜವಾದ ಯಜಮಾನರು ತೊಟ್ಟಿಲಲ್ಲಿರುತ್ತಾರೆ!

6 ತಿಂಗಳು ತುಂಬಿದ ಕೂಸಿಗೆ ಎದೆಹಾಲಿನೊಡನೆ ಮೆದು ಆಹಾರವನ್ನು ಆರಂಭಿಸಬೇಕು. ತಾಯಿಯು ಹೆಸರುಬೇಳೆ ಬೆರೆಸಿದ ಅನ್ನವನ್ನು ನುಣ್ಣಗೆ ಹಿಸುಕಿ ತಂದರೆ, ಹಟಮಾರಿ ಕೂಸು ಮೊದಲ ತುತ್ತನ್ನು ಆಕೆಯ ಸೀರೆಗೂ, ಎರಡನೆಯದನ್ನು ತಂದೆಯ ಅಂಗಿಗೂ ಅರ್ಪಿಸುತ್ತದೆ. ಸಿಟ್ಟಾಗಬೇಡಿರಿ. ಹೊಸ ರುಚಿಯನ್ನು ಉಗುಳುವುದು ಸಹಜ. ಹತ್ತಾರು ಬಾರಿ ಕೊಟ್ಟ ಮೇಲೆ ಅದು ಒಗ್ಗುತ್ತದೆ. ಆದರೆ ಕೂಸನ್ನು ಮಲಗಿಸಿ, ಮೂಗು ಹಿಡಿದು, ಒಳಲೆಯಿಂದ ಸುರಿಯುವ ರೂಢಿ ಬೇಡವೇ ಬೇಡ. ಗಂಜಿಯು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಕೂಸು ಬಾಯಿ ಬಿಗಿದು ಮುಖ ತಿರುಗಿಸಿದರೆ ಆ ಹೊತ್ತಿನ ಊಟ ಮುಗಿಯಿತೆಂದು ತಿಳಿಯಿರಿ.

ನಮ್ಮ ಸೀಮೆಯ ದ್ರಾಕ್ಷಿಗಾಗಿ ಎಷ್ಟೇ ಅತ್ತರೂ ಇಡಿಯ ಹಣ್ಣನ್ನು ಕೊಡಬೇಡಿರಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಉದ್ದಕ್ಕೆ ಸೀಳಿ ಕೊಡಿರಿ.

ಇಂಥ ದರ್ಬಾರಿಗೆ ತಾಯಿಯೊಬ್ಬಳೇ ಸಾಲಳು. ಒಂದು ಹೊತ್ತಿನ ಉಣಿಸುವಿಕೆಯನ್ನು ತಂದೆ ವಹಿಸಿಕೊಳ್ಳಲಿ. ಎರಡನೆಯ ಯಜಮಾನರು 3 ವರ್ಷ ತಡೆದು ಬರಲಿ. ಅದಕ್ಕೆ ಬೇಕಾದ ವಂಕಿ, ಮಾತ್ರೆ, ನಿರೋಧ್, ಅಂತರಾ ಚುಚ್ಚುಮದ್ದು ಸರಕಾರಿ ದವಾಖಾನೆಯಲ್ಲಿ ಉಚಿತವಾಗಿ ದೊರೆಯುತ್ತವೆ. ಗಂಡಹೆಂಡಿರು ಕೂಡಿಯೇ ಬನ್ನಿರಿ.